ಮಾಯವಾಗುವ ಮಸಿ

1971ರ ಮಾರ್ಚ್ ತಿಂಗಳಲ್ಲಿ ಲೋಕಸಭೆಯ ಮಧ್ಯಂತರ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ಸೋತವರಿಗಾದದ್ದು ದುಃಖಕ್ಕಿಂತ ಹೆಚ್ಚಾಗಿ ದಿಗ್ಭ್ರಮೆ. ಸಂಸ್ಥಾ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ ಮತ್ತು ಸಂಯುಕ್ತ ಸಮಾಜವಾದಿಗಳು ಕೂಡಿ ಕಟ್ಟಿದ್ದ ಮಹಾಮೈತ್ರಿ ನೆಲಕಚ್ಚಿತು. ಇಂದಿರಾ ಗಾಂಧಿಯವರ ಆಡಳಿತ ಕಾಂಗ್ರೆಸ್ 518 ಸ್ಥಾನಗಳಲ್ಲಿ 352ನ್ನು ಗಳಿಸಿತು. 1967ರಲ್ಲಿ ದೆಹಲಿಯ ಏಳರಲ್ಲಿ ಆರು ಸ್ಥಾನಗಳನ್ನು ಗೆದ್ದಿದ್ದ ಜನಸಂಘಕ್ಕೆ ಈ ಸಲ ಅಲ್ಲಿ ಒಂದೂ ದಕ್ಕಲಿಲ್ಲ.

ದಕ್ಷಿಣ ದೆಹಲಿಯಲ್ಲಿ ಪರಾಭವಗೊಂಡ ಜನಸಂಘದ ಮಾಜಿ ಅಧ್ಯಕ್ಷ ಬಲರಾಜ್ ಮಧೋಕ್ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಮತಪತ್ರಗಳಿಗೆ ರಾಸಾಯನಿಕ ಲೇಪನವಾಗಿದೆ, ಮತದಾರನು ಒತ್ತಿದ ಮುದ್ರೆ ಅಳಿದು, ಹಸು-ಕರುವಿನ ಚಿಹ್ನೆಯ ಬಳಿ ಮೊದಲೇ ಅಡಗಿಸಿಟ್ಟ ಗುರುತು ಆಮೇಲೆ ಮೂಡುತ್ತದೆ ಎಂಬುದು ಆಪಾದನೆ. ಮಾದರಿಗಾಗಿ ಕೆಲವು ಮತಪತ್ರಗಳ ಪರಿಶೀಲನೆಗೆ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿ ಸಮ್ಮತಿಸಿತು. ಆಪಾದನೆ ಸಾಬೀತಾಗಲಿಲ್ಲ.

ವಿದ್ಯಾವಂತರೂ ಇಂಥ ಕಥೆಯನ್ನು ನಂಬಿದ್ದೇಕೆ? ನಗಬೇಕಾದ ಪ್ರಶ್ನೆಯಲ್ಲ ಇದು. ಲೆಕ್ಕವನ್ನೇ ತೆಗೆದುಕೊಳ್ಳೋಣ. ವಿಜಯೀ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಸುಮಾರು 44. ಕೈಸೇರಿದ ಸ್ಥಾನ ನೂರಕ್ಕೆ 68. ಅಂದರೆ ಮತ ನೀಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಪಕ್ಷವನ್ನು ಆರಿಸಿರಲಿಲ್ಲ. ತನ್ನ ಬೀದಿ, ತನ್ನ ಅಂಗಡಿಸಾಲು, ತನ್ನ ಬಂಧುಬಳಗದಲ್ಲಿ ವಿಚಾರಿಸಿದವನಿಗೆ ಎಲ್ಲೆಡೆಯೂ ತನ್ನಂಥವರೇ ಕಂಡಿದ್ದರೆ ಅವನು ಕಂಡದ್ದು ಸುಳ್ಳಲ್ಲ. ಕಂಡಷ್ಟನ್ನೇ ದೇಶವೆಂದು ಎಣಿಸಿದ್ದು ತಪ್ಪು. ಹಳ್ಳಿಯ ಕೂಲಿಕಾರ ಬೇರೆ ಬಗೆಯಾಗಿ ಯೋಚಿಸಿದ್ದಾನೆಂದು ಒಪ್ಪುವುದಕ್ಕಿಂತ ಮಸಿಯನ್ನು ಶಂಕಿಸುವುದು ಮನಸ್ಸಿಗೆ ಹಗುರ.

ಈ ಶಂಕೆಗೆ ಕರ್ನಾಟಕದಲ್ಲೇ ಒಂದು ಉತ್ತರವಿತ್ತು. ಆಗಿನ ಮೈಸೂರು ರಾಜ್ಯದಲ್ಲಿ ಅಧಿಕಾರದಲ್ಲಿದ್ದದ್ದು ಎಸ್. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಮತಗಟ್ಟೆಗಳಲ್ಲಿ ದುಡಿದ ನೌಕರವರ್ಗ ಬಹುಪಾಲು ರಾಜ್ಯದ್ದೇ. ಆದರೂ ಇಲ್ಲಿಯ 27 ಸ್ಥಾನಗಳೂ ಆಡಳಿತ ಕಾಂಗ್ರೆಸ್ಸಿನ ಪಾಲಾದವು. ಪಾಟೀಲರ ಸರ್ಕಾರ ಅದೇ ಮಾರ್ಚ್‌ನಲ್ಲಿ ನಿರ್ಗಮಿಸಿತು.

ಆರು ವರ್ಷ ಕಳೆದು ದಿಗ್ಭ್ರಮೆ ಪಕ್ಷ ಬದಲಿಸಿತು. 1977ರಲ್ಲಿ ಉತ್ತರ ಪ್ರದೇಶದ 85, ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ರಾಯಬರೇಲಿಯಲ್ಲಿ ಸ್ವತಃ ಪ್ರಧಾನಿಯೇ ಸೋತರು. ಕರ್ನಾಟಕದಲ್ಲೋ ಅದೇ ಪಕ್ಷಕ್ಕೆ 28ರಲ್ಲಿ 26! ತುರ್ತು ಪರಿಸ್ಥಿತಿಯ ಬಿಸಿ ಉತ್ತರದಷ್ಟು ತಟ್ಟದಿದ್ದ ಇಲ್ಲಿಯ ಕಾಂಗ್ರೆಸ್ ಮತದಾರನು ಊರಿನಲ್ಲಿ ಗೆದ್ದು ದೆಹಲಿಯಲ್ಲಿ ಸೋತಿದ್ದ. ಅವನ ಸುತ್ತಲಿದ್ದವರೆಲ್ಲ ಗೆದ್ದವರೇ. ಸೋಲಿಸಿದವರು ಎಲ್ಲೋ ದೂರದಲ್ಲಿ, ಅವನೆಂದೂ ಮಾತನಾಡಿಸದ ಜನರ ನಡುವೆ ಇದ್ದರು.