ಕಾಮತ್, ಪ್ಯಾಟ್ರಿಕ್ ಎಸ್.: ಸಂಶೋಧನಾ ಬರಹಗಳು ಮತ್ತು ಅವುಗಳ ಪ್ರಭಾವ

ಲಿವರ್ ಕಾಯಿಲೆಗಳ ಸಂಶೋಧಕ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್‌ನ ವೈದ್ಯ, ಪ್ರಾಧ್ಯಾಪಕ. ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಲಿವರ್ ಕಸಿಗೆ ಕಾದಿರುವವರಲ್ಲಿ ಯಾರ ಸರದಿ ಮೊದಲು ಎಂಬುದನ್ನು ಗೊತ್ತುಮಾಡುವ ಮೆಲ್ಡ್ ಅಂಕದಿಂದ ಇವರ ಹೆಸರು ಪ್ರಸಿದ್ಧ.

ಮೆಲ್ಡ್ ಹುಟ್ಟಿದ್ದು ಕಸಿಗಾಗಿ ಅಲ್ಲ. ಸಿರೋಸಿಸ್‌ನಿಂದ ಲಿವರ್ ಗಟ್ಟಿಯಾದಾಗ ಕರುಳಿನ ಕಡೆಯಿಂದ ಬರುವ ರಕ್ತಕ್ಕೆ ದಾರಿ ಕಟ್ಟಿ ಒತ್ತಡ ಏರುತ್ತದೆ. ಲಿವರ್‌ನೊಳಗೆ ಕೊಳವೆ ಕೂರಿಸಿ ಆ ರಕ್ತಕ್ಕೆ ಒಳದಾರಿ ಮಾಡಿಕೊಡುವ ಚಿಕಿತ್ಸೆಗೆ ಟಿಪ್ಸ್ ಎಂದು ಹೆಸರು. ಅದಾದ ಮೇಲೆ ಕೆಲವರು ಚೇತರಿಸಿಕೊಂಡರೆ ಕೆಲವರು ಮೂರೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು. ಅಂಥವರನ್ನು ಮೊದಲೇ ಗುರುತಿಸಲಾದೀತೇ ಎಂದು 231 ರೋಗಿಗಳ ದಾಖಲೆಗಳನ್ನು ತಿರುವಿಹಾಕಿದ ಲೇಖನ 2000ರಲ್ಲಿ ‘ಹೆಪಟಾಲಜಿ’ ಪತ್ರಿಕೆಯಲ್ಲಿ ಬಂತು. ಮೊದಲ ಲೇಖಕ ಮೈಕೆಲ್ ಮಾಲಿಂಚಾಕ್. ಮರುವರ್ಷ ಅದೇ ಪತ್ರಿಕೆಯಲ್ಲಿ ಕಾಮತರು ಮೊದಲ ಲೇಖಕರಾಗಿ ಬರೆದದ್ದು ಈ ಲೆಕ್ಕವನ್ನು ಟಿಪ್ಸ್‌ನ ಆಚೆಗೆ ಒಯ್ದು, ಬೇರೆಬೇರೆ ಬಗೆಯ ರೋಗಿಗಳ ನಾಲ್ಕು ಗುಂಪುಗಳಲ್ಲಿ ಒರೆಗೆ ಹಚ್ಚಿತು.

ಲೆಕ್ಕಕ್ಕೆ ಬೇಕಾದ್ದು ಲ್ಯಾಬ್ ಚೀಟಿಯ ಮೂರೇ ಅಂಕಿ: ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್‌ಆರ್, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್. ಬಿಲಿರುಬಿನ್ 3, ಐಎನ್‌ಆರ್ 1.5, ಕ್ರಿಯಾಟಿನಿನ್ 1 ಇದ್ದವರಿಗೆ ಬರುವ ಅಂಕ 15. ಮೊದಲೆರಡು ಹಾಗೇ ಇದ್ದು ಕ್ರಿಯಾಟಿನಿನ್ ಮಾತ್ರ 2ಕ್ಕೆ ಏರಿದರೆ ಅಂಕ 22 ಆಗುತ್ತದೆ. ಲಿವರ್ ರೋಗಿಯ ಕಿಡ್ನಿ ಕೈಕೊಡತೊಡಗಿದರೆ ಕೇಡು ಹತ್ತಿರವಾಯಿತು ಎಂಬ ವಾರ್ಡಿನ ಅನುಭವವೇ ಇಲ್ಲಿ ಸೂತ್ರವಾಗಿದೆ. ಹಳೆಯ ಚೈಲ್ಡ್-ಪ್ಯೂ ಪದ್ಧತಿಯಲ್ಲಿ ಹೊಟ್ಟೆಯಲ್ಲಿ ಎಷ್ಟು ನೀರು ತುಂಬಿದೆ, ಮಂಪರು ಎಷ್ಟಿದೆ ಎಂಬುದನ್ನು ವೈದ್ಯರ ಕಣ್ಣಂದಾಜಿಗೆ ಬಿಡಲಾಗಿತ್ತು. ಮೆಲ್ಡ್‌ನಲ್ಲಿ ಅದಕ್ಕೆ ಎಡೆಯಿಲ್ಲ.

ಅಮೆರಿಕದಲ್ಲಿ ಅಲ್ಲಿಯವರೆಗೆ ಪಟ್ಟಿಯಲ್ಲಿ ಎಷ್ಟು ದಿನ ಕಾದರು ಎಂಬುದಕ್ಕೆ ಬಹಳ ಬೆಲೆಯಿತ್ತು. ಬೇಗ ಹೆಸರು ಬರೆಸಿದವರಿಗೆ ಲಾಭ, ತಡವಾಗಿ ಬಂದ ಕಡುರೋಗಿಗೆ ನಷ್ಟ. 2002ರ ಫೆಬ್ರವರಿ 27ರಿಂದ ಅಲ್ಲಿ ಮೆಲ್ಡ್ ಜಾರಿಗೆ ಬಂತು. ಕಾಮತರೂ ಸಹಲೇಖಕರಾಗಿದ್ದ, ರಸೆಲ್ ವೀಸ್ನರ್ ಮುಂದಾಳತ್ವದ 2003ರ ಅಧ್ಯಯನ ಪಟ್ಟಿಯಲ್ಲಿದ್ದ 3,437 ಮಂದಿಯನ್ನು ಪರಿಶೀಲಿಸಿತು: ಅಂಕ 9ಕ್ಕಿಂತ ಕಡಿಮೆ ಇದ್ದವರಲ್ಲಿ ಮೂರು ತಿಂಗಳೊಳಗೆ ಸತ್ತವರು ಶೇ. 1.9, 40 ಅಥವಾ ಅದಕ್ಕೂ ಹೆಚ್ಚು ಇದ್ದವರಲ್ಲಿ ಶೇ. 71.3. ಯುರೋಪಿನ ಹಲವು ದೇಶಗಳಿಗೆ ಅಂಗ ಹಂಚುವ ಸಂಸ್ಥೆ ಯೂರೋಟ್ರಾನ್ಸ್‌ಪ್ಲಾಂಟ್ 2006ರ ಡಿಸೆಂಬರ್‌ನಲ್ಲಿ ಮೆಲ್ಡನ್ನೇ ಅಳವಡಿಸಿಕೊಂಡಿತು.

ಸೂತ್ರಕ್ಕೆ ಒಂದು ಕುಂದಿತ್ತು. ಹೆಂಗಸರ ದೇಹದಲ್ಲಿ ಸ್ನಾಯುವಿನ ಪಾಲು ಕಡಿಮೆಯಾದ್ದರಿಂದ ಕ್ರಿಯಾಟಿನಿನ್ ಕೂಡ ಕಡಿಮೆ. ಕಿಡ್ನಿ ಅಷ್ಟೇ ಕೆಟ್ಟಿದ್ದರೂ ಅಂಕ ಏರದೆ ಅವರು ಸರದಿಯಲ್ಲಿ ಹಿಂದೆ ಬೀಳುತ್ತಿದ್ದರು. ರಕ್ತದ ಸೋಡಿಯಂ ಅನ್ನು ಸೇರಿಸಿಕೊಂಡ ಆವೃತ್ತಿ 2016ರಲ್ಲಿ ಬಂದರೂ ಇದು ಸರಿಹೋಗಲಿಲ್ಲ. ಡಬ್ಲ್ಯು. ರೇ ಕಿಮ್ ಮತ್ತು ಕಾಮತ್ ಮೊದಲಾದವರು 2021ರಲ್ಲಿ ಪ್ರಕಟಿಸಿದ ಮೆಲ್ಡ್ 3.0 ಹೆಂಗಸರಿಗೆ 1.33 ಅಂಕ ಕೂಡಿಸಿತು, ಆಲ್ಬುಮಿನ್ನನ್ನೂ ಲೆಕ್ಕಕ್ಕೆ ತಂದಿತು. 2023ರ ಜುಲೈನಿಂದ ಅಮೆರಿಕದಲ್ಲಿ ನಡೆಯುತ್ತಿರುವುದು ಇದೇ.

2001ರ ಲೇಖನವನ್ನು ಇತರ ಸಂಶೋಧಕರು ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಆದರೂ ಆ ಎಣಿಕೆ ನಿಜವಾದ ಬಳಕೆಗಿಂತ ಕಡಿಮೆಯೇ ಇರಬೇಕು. ‘ಮೆಲ್ಡ್ 22’ ಎಂದು ಕೇಸ್ ಶೀಟಿನಲ್ಲಿ ಗೀಚುವ ವೈದ್ಯರು ಮೂಲ ಲೇಖನದ ಹೆಸರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹೀಗೆ ಎಲ್ಲರ ಸೊತ್ತಾದ ಬರಹ ಉಲ್ಲೇಖದ ಪಟ್ಟಿಯಿಂದ ಜಾರಿಹೋಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹಿಂದೆಯೇ ಗುರುತಿಸಿದ್ದರು.

ಬೆಂಗಳೂರಿನ ನಂಟು ಓದಿಗೇ ಮುಗಿಯಲಿಲ್ಲ. ಸೇಂಟ್ ಜಾನ್ಸ್‌ನ ಹರ್ಷದ್ ದೇವರಭಾವಿ ಜೊತೆಗೂಡಿ ಬರೆದ, ಜಗತ್ತಿನಲ್ಲಿ ಲಿವರ್ ಕಾಯಿಲೆಯ ಹೊರೆ ಎಷ್ಟೆಂದು ಅಳೆಯುವ ಲೇಖನಗಳು 2019ರಲ್ಲೂ 2023ರಲ್ಲೂ ‘ಜರ್ನಲ್ ಆಫ್ ಹೆಪಟಾಲಜಿ’ಯಲ್ಲಿ ಬಂದವು. ವರ್ಷಕ್ಕೆ ಸುಮಾರು 20 ಲಕ್ಷ ಸಾವು, ಎಂದರೆ ಪ್ರತಿ 25 ಸಾವಿನಲ್ಲಿ ಒಂದು, ಲಿವರ್ ಕಾಯಿಲೆಯಿಂದ ಎಂಬುದು ಎರಡನೆಯದರ ಲೆಕ್ಕ.

ಕೋಲಾರ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯಂಥ ಊರಿಗೆ ಇನ್ನೂ ಹತ್ತಿರದ್ದು ದೇವರಭಾವಿಯವರ 2010ರ ಅಧ್ಯಯನ. ಔಷಧಿಯಿಂದಲೇ ಲಿವರ್ ಕೆಟ್ಟ 313 ರೋಗಿಗಳಲ್ಲಿ ಶೇ. 58ರಷ್ಟು ಮಂದಿಗೆ ಕಾರಣವಾದದ್ದು ಕ್ಷಯದ ಮಾತ್ರೆಗಳು. ಒಟ್ಟು ರೋಗಿಗಳಲ್ಲಿ ಶೇ. 17.3 ಮಂದಿ ಉಳಿಯಲಿಲ್ಲ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಬಂದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುತ್ತದೆ. 2001ರಲ್ಲಿ ಮುಚ್ಚಿದ ಅಲ್ಲಿನ ಚಿನ್ನದ ಗಣಿಯ ಕಾರ್ಮಿಕರ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್ ಮೇಲೆ ಕೈಮಾಡಬಲ್ಲವು. ಮಾತ್ರೆ ನುಂಗುತ್ತಿರುವಾಗ ಊಟ ಸೇರದೆ ವಾಂತಿ ಬಂದರೆ, ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿ ತಿರುಗುವವರೆಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕು.