ನಾಯಿಗೆ ಎಸೆದ ಹಸಿಮಾಂಸ: ಒಂದು ಲಾಡಿಹುಳುವಿನ ಚರಿತ್ರೆ

ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಹೋದರೆ ಆತಕೂರಿನ ಶಿಲಾಶಾಸನವನ್ನು ತಪ್ಪದೆ ನೋಡಿ. ಕ್ರಿ.ಶ. 949-50ರ ಈ ಕಲ್ಲು ಕಾಳಿ ಎಂಬ ಬೇಟೆನಾಯಿಯ ನೆನಪನ್ನೂ ಉಳಿಸಿಕೊಂಡಿದೆ. ಗಂಗರ ಬೂತುಗನಿಂದ ಮಣಲೇರ ಬೇಡಿ ಪಡೆದ ಈ ನಾಯಿ ಕಾಡುಹಂದಿಯೊಂದಿಗೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಬೇಟೆಯಲ್ಲಿ ನಾಯಿ ಮನುಷ್ಯನ ಜೊತೆಗಾರ. ಜೊತೆಗಾರನಿಗೆ ಬೇಟೆಯಲ್ಲಿ ಪಾಲು ಇರಬೇಕಲ್ಲವೆ?

ಆ ಪಾಲು ಯಾವುದು ಎಂಬುದಕ್ಕೆ ಯುರೋಪಿನಲ್ಲಿ ಲಿಖಿತ ನಿಯಮವೇ ಇತ್ತು. ಫ್ರಾನ್ಸಿನ ಫ್ವಾ ಪ್ರಾಂತದ ಒಡೆಯ ಗಾಸ್ಟನ್ ಫೀಬಸ್ 1387ರಲ್ಲಿ ಬರೆಯಲು ಆರಂಭಿಸಿದ ಬೇಟೆಯ ಗ್ರಂಥದಲ್ಲಿ ಇದರ ವಿವರಣೆ ಇದೆ. ಕಡವೆಯಂಥ ಮೃಗವನ್ನು ಕೊಂದ ಮೇಲೆ ಅದರ ಚರ್ಮವನ್ನು ಹಾಸಿ, ಒಳಾಂಗಗಳನ್ನೂ ರಕ್ತದಲ್ಲಿ ನೆನೆಸಿದ ರೊಟ್ಟಿಯನ್ನೂ ಅದರ ಮೇಲೆ ಹರಡಿ ನಾಯಿಗಳನ್ನು ಬಿಡುತ್ತಿದ್ದರು. ಈ ಕ್ರಮಕ್ಕೆ 'ಕ್ಯೂರೇ' ಎಂದು ಹೆಸರು. ಚರ್ಮ ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಒಳ್ಳೆಯ ಮಾಂಸ ಮನುಷ್ಯನಿಗೆ, ಒಳಾಂಗ ನಾಯಿಗೆ. ಲೋಕದ ಎಲ್ಲೆಡೆಯೂ ಬೇಟೆಗಾರ, ಕುರಿಗಾಹಿ, ಕಟುಕ ಎಲ್ಲರೂ ಹೆಚ್ಚುಕಡಿಮೆ ಹೀಗೆಯೇ ಹಂಚಿಕೊಂಡರು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಈ ಹಂಚಿಕೆಯಲ್ಲಿ ಅಡಗಿದ್ದ ಅಪಾಯ ತಿಳಿಯಲು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಮೊಲದ ಹೊಟ್ಟೆಯ ಗುಳ್ಳೆಗಳು

ಕಾಡುಮೊಲವನ್ನು ಸೀಳಿದಾಗ ಕರುಳಿನ ಸುತ್ತಲಿನ ಪೊರೆಗೆ ಬಟಾಣಿಯಂಥ ಗುಳ್ಳೆಗಳು ಅಂಟಿಕೊಂಡಿರುವುದನ್ನು ಬೇಟೆಗಾರರು ಬಹಳ ಹಿಂದೆಯೇ ಕಂಡಿದ್ದರು. ಒಂದೊಂದು ಗುಳ್ಳೆಯಲ್ಲೂ ನೀರು; ನೀರಿನೊಳಗೆ ಒಂದು ಪುಟ್ಟ ತಲೆ. ಆ ತಲೆಯಲ್ಲಿ ಕೊಕ್ಕೆಗಳೂ ಹೀರುಬಟ್ಟಲುಗಳೂ ಇದ್ದವು. ಲಾಡಿಹುಳುವಿನ ತಲೆಯೂ ಥೇಟ್ ಹಾಗೆಯೇ ಇರುತ್ತದೆ. ಹಾಗಾದರೆ ಇವೆರಡಕ್ಕೂ ಏನು ಸಂಬಂಧ?

ಆ ಕಾಲದ ಹೆಸರಾಂತ ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಸೀಬೋಲ್ಡ್ ಇದಕ್ಕೆ ಒಂದು ಉತ್ತರ ಕೊಟ್ಟಿದ್ದರು: ಇವು ದಾರಿತಪ್ಪಿ ಬೇರೆ ಪ್ರಾಣಿಯನ್ನು ಹೊಕ್ಕು, ರೋಗಗ್ರಸ್ತವಾಗಿ ಊದಿಕೊಂಡ ಲಾಡಿಹುಳುಗಳು. ಸ್ಯಾಕ್ಸನಿಯ ಸಿಟ್ಟಾವ್ ಎಂಬ ಊರಿನ ವೈದ್ಯ ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್ ಇದನ್ನು ಒಪ್ಪಲಿಲ್ಲ. ಗುಳ್ಳೆ ರೋಗವಲ್ಲ, ಹುಳುವಿನ ಬಾಲ್ಯ ಎಂಬುದು ಅವರ ವಾದ. ವಾದಿಸುತ್ತ ಕೂರದೆ 1851ರಲ್ಲಿ ಅವರು ಮೊಲದ ಗುಳ್ಳೆಗಳನ್ನು ನಾಯಿ ಕುಟುಂಬದ ಪ್ರಾಣಿಗಳಿಗೆ ತಿನ್ನಿಸಿದರು. ಬಳಿಕ ಅವುಗಳ ಕರುಳನ್ನು ಪರೀಕ್ಷಿಸಿದಾಗ ಬೆಳೆದ ಲಾಡಿಹುಳುಗಳು ಸಿಕ್ಕವು.

ಈ ಪ್ರಯೋಗದ ಸರಳತೆಯನ್ನು ಗಮನಿಸಿ. ಬೇಟೆಗಾರರು ನಾಯಿಗಳಿಗೆ ಶತಮಾನಗಳಿಂದ ಮಾಡುತ್ತಿದ್ದುದನ್ನೇ ಕ್ಯೂಖೆನ್‌ಮೈಸ್ಟರ್ ಮಾಡಿದರು. ವ್ಯತ್ಯಾಸವೆಂದರೆ, ಏನು ತಿನ್ನಿಸಿದೆ ಎಂದು ಬರೆದಿಟ್ಟುಕೊಂಡು, ಆಮೇಲೆ ಏನಾಯಿತು ಎಂದು ತೆರೆದು ನೋಡಿದರು.

ಸೀಬೋಲ್ಡ್ ಕೂಡ ಸುಮ್ಮನೆ ಕೂರಲಿಲ್ಲ. 1852ರಲ್ಲಿ ಬ್ರೆಸ್ಲಾವ್‌ನಲ್ಲಿ ಅವರು ಕುರಿಯ ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ಬೆಳೆಯುವ ಇನ್ನೊಂದು ಬಗೆಯ ಗುಳ್ಳೆಯನ್ನು ನಾಯಿಮರಿಗಳಿಗೆ ತಿನ್ನಿಸಿದರು. ಇದಕ್ಕೆ ಹೈಡಾಟಿಡ್ ಎಂದು ಹೆಸರು. ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಸಂಖ್ಯ ಹುಳುಗಳು ಕಂಡವು. ಇದೇ ಎಕೈನೊಕಾಕಸ್ ಗ್ರಾನ್ಯುಲೋಸಸ್. ಹೈಡಾಟಿಡ್ ಗುಳ್ಳೆ ಮನುಷ್ಯರಲ್ಲೂ ಬೆಳೆಯುತ್ತಿತ್ತು. ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗಿ, ಕೆಲವೊಮ್ಮೆ ತೆಂಗಿನಕಾಯಿಗಿಂತ ದೊಡ್ಡದಾಗಿ, ಒಡೆದರೆ ಪ್ರಾಣವನ್ನೇ ತೆಗೆಯುತ್ತಿತ್ತು. ಮನುಷ್ಯರ ಗುಳ್ಳೆಯೂ ಕುರಿಯ ಗುಳ್ಳೆಯೂ ಒಂದೆಯೆ? 1863ರಲ್ಲಿ ಬರ್ಲಿನ್ನಿನಲ್ಲಿ ಬರ್ನ್‌ಹಾರ್ಡ್ ನೌನಿನ್, ಐಸ್‌ಲ್ಯಾಂಡಿನಲ್ಲಿ ಹೆರಾಲ್ಡ್ ಕ್ರಾಬೆ ಮತ್ತು ಯೋನ್ ಫಿನ್ಸೆನ್, ರೋಗಿಗಳಿಂದ ತೆಗೆದ ಗುಳ್ಳೆಯನ್ನು ನಾಯಿಗಳಿಗೆ ತಿನ್ನಿಸಿ ಅದೇ ಹುಳುವನ್ನು ಪಡೆದರು.

ಮಾಂಸ ತಿಂದವನಿಗಲ್ಲ, ನಾಯಿ ಸಾಕಿದವನಿಗೆ

ಈಗ ಜೀವಚಕ್ರವನ್ನು ಜೋಡಿಸೋಣ. ಗುಳ್ಳೆಯುಳ್ಳ ಒಳಾಂಗವನ್ನು ನಾಯಿ ಹಸಿಯಾಗಿ ತಿನ್ನುತ್ತದೆ. ಗುಳ್ಳೆಯೊಳಗಿನ ಮರಳಿನಂಥ ಕಣಗಳಲ್ಲಿ ಒಂದೊಂದೂ ಒಂದು ಹುಳುವಿನ ತಲೆ. ಅವು ಕರುಳಿಗೆ ಕಚ್ಚಿಕೊಂಡು, ಸುಮಾರು ಆರೇಳು ವಾರಗಳಲ್ಲಿ ಬೆಳೆದು ಮೊಟ್ಟೆ ಬಿಡತೊಡಗುತ್ತವೆ. ನಾಯಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣದು. ಮೊಟ್ಟೆಗಳು ಮಲದೊಂದಿಗೆ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನಾಯಿಯ ತುಪ್ಪುಳಿಗೆ ಅಂಟುತ್ತವೆ. ಹುಲ್ಲು ಮೇಯುವ ಕುರಿ ಅವನ್ನು ನುಂಗಿದರೆ ಗುಳ್ಳೆ ಬೆಳೆಯುತ್ತದೆ. ನಾಯಿಯನ್ನು ಮುದ್ದಿಸಿ ಕೈ ತೊಳೆಯದೆ ಉಂಡ ಮಗು ನುಂಗಿದರೂ ಹಾಗೆಯೇ.

ಇಲ್ಲಿ ನೀವು ತರಗತಿಯಲ್ಲಿ ಒತ್ತಿ ಹೇಳಬೇಕಾದ ಅಂಶವಿದೆ. ಗುಳ್ಳೆಯುಳ್ಳ ಕುರಿಯ ಮಾಂಸ ತಿಂದವನಿಗೆ ಹೈಡಾಟಿಡ್ ರೋಗ ಬರುವುದಿಲ್ಲ. ಏಕೆಂದರೆ ಮನುಷ್ಯನಿಗೆ ಸೋಂಕು ತಗಲುವುದು ಮೊಟ್ಟೆಯಿಂದ. ಮೊಟ್ಟೆ ಬರುವುದು ನಾಯಿಯಿಂದ. 'ಮಾಂಸ ಮನುಷ್ಯನಿಗೆ, ಒಳಾಂಗ ನಾಯಿಗೆ' ಎಂಬ ಹಳೆಯ ಹಂಚಿಕೆಯೇ ಚಕ್ರವನ್ನು ತಿರುಗಿಸುತ್ತಿತ್ತು. ಕಾರಣಕ್ಕೂ ರೋಗಕ್ಕೂ ನಡುವೆ ಹಲವು ವರ್ಷಗಳ ಅಂತರವಿದ್ದುದರಿಂದ ಬರಿಗಣ್ಣಿನ ಅನುಭವದಿಂದ ಇದನ್ನು ಊಹಿಸುವುದು ಅಸಾಧ್ಯವಾಗಿತ್ತು.

ಒಂದು ದ್ವೀಪದ ಪಾಠ

ಐಸ್‌ಲ್ಯಾಂಡಿನಲ್ಲಿ ಈ ರೋಗಕ್ಕೆ 'ಸುಲ್ಲವೈಕಿ' ಎಂಬ ನಾಡಹೆಸರೇ ಇತ್ತು. ಮನೆಮನೆಗೂ ಕುರಿ, ಕುರಿ ಕಾಯಲು ನಾಯಿ, ಚಳಿಗಾಲದಲ್ಲಿ ಒಂದೇ ಸೂರಿನಡಿ ಎಲ್ಲರೂ. 1863ರಲ್ಲಿ ಡೆನ್ಮಾರ್ಕಿನಿಂದ ಬಂದ ಕ್ರಾಬೆ ಅಲ್ಲಿ 100 ನಾಯಿಗಳ ಕರುಳನ್ನು ಪರೀಕ್ಷಿಸಿದರು. 28ರಲ್ಲಿ ಈ ಹುಳು ಇತ್ತು. ಮರುವರ್ಷ ಅವರು ಬರೆದ ಚಿಕ್ಕ ಪುಸ್ತಿಕೆಯನ್ನು ಐಸ್‌ಲ್ಯಾಂಡಿನ ಭಾಷೆಯಲ್ಲೇ ಮುದ್ರಿಸಿ ಮನೆಗಳಿಗೆ ಉಚಿತವಾಗಿ ಹಂಚಲಾಯಿತು. ಅದರ ಸಾರ ಇಷ್ಟೆ: ಗುಳ್ಳೆಯುಳ್ಳ ಒಳಾಂಗಗಳನ್ನು ನಾಯಿಗೆ ಹಾಕಬೇಡಿ, ಸುಡಿ ಅಥವಾ ಹೂಳಿ, ನಾಯಿಗಳ ಸಂಖ್ಯೆ ಕಡಿಮೆ ಮಾಡಿ, ಅವಕ್ಕೆ ಹುಳುವಿನ ಔಷಧಿ ಕೊಡಿ. 1869 ಮತ್ತು 1890ರಲ್ಲಿ ಕಾನೂನುಗಳು ಬಂದವು. 1924ರಲ್ಲಿ ರೇಕ್ಯಾವಿಕ್ ನಗರ ನಾಯಿ ಸಾಕುವುದನ್ನೇ ನಿಷೇಧಿಸಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮನುಷ್ಯರಿಗೆ ಹೊಸದಾಗಿ ಸೋಂಕು ತಗಲುವುದು ನಿಂತಿತು. ಲಸಿಕೆ ಇರಲಿಲ್ಲ, ಒಳ್ಳೆಯ ಔಷಧಿಯೂ ಇರಲಿಲ್ಲ. ಓದಬಲ್ಲ ಜನ ಓದಿ, ತಮ್ಮ ರೂಢಿಯನ್ನು ಬದಲಿಸಿಕೊಂಡರು. ವಿಜ್ಞಾನವನ್ನು ಜನರ ಭಾಷೆಯಲ್ಲಿ ಬರೆಯುವುದರ ಫಲಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನ್ಯೂಜಿಲೆಂಡ್ 1959ರಲ್ಲಿ ಕಾನೂನು ಮಾಡಿ ನಾಯಿಗಳಿಗೆ ಹುಳುನಿವಾರಣೆಯನ್ನು ಕಡ್ಡಾಯಗೊಳಿಸಿತು. 2002ರಲ್ಲಿ ರೋಗಮುಕ್ತವೆಂದು ತಾತ್ಕಾಲಿಕವಾಗಿ ಘೋಷಿಸಿಕೊಂಡಿತು. ಟಾಸ್ಮೇನಿಯ 1996ರಲ್ಲೇ ಆ ಹಂತ ಮುಟ್ಟಿತ್ತು. ಆದರೆ ಆಸ್ಟ್ರೇಲಿಯದ ಮುಖ್ಯಭೂಮಿಯಲ್ಲಿ ಹುಳು ಕಾಡು ಸೇರಿತು: ಡಿಂಗೊ ನಾಯಿಗಳಿಗೂ ವಾಲಬಿ, ಕಾಂಗರೂಗಳಿಗೂ ನಡುವೆ ಅದರ ಚಕ್ರ ತಿರುಗುತ್ತಿದೆ. ಬೇಟೆಯಾಡಿದ ವಾಲಬಿಯ ಶ್ವಾಸಕೋಶವನ್ನು ಸಾಕುನಾಯಿಗೆ ಎಸೆದರೆ ಆ ಚಕ್ರ ಮನೆಯಂಗಳಕ್ಕೆ ಬರುತ್ತದೆ. ಉತ್ತರ ಅಮೆರಿಕದಲ್ಲಿ ತೋಳ ಮತ್ತು ಮೂಸ್ ಜಿಂಕೆಗಳ ನಡುವೆ ಇಂಥದ್ದೇ ಚಕ್ರವಿದೆ.

ಹಸಿಮಾಂಸದ ಹೊಸ ಅಲೆ

ಇತ್ತೀಚಿನ ದಶಕಗಳಲ್ಲಿ ಶ್ರೀಮಂತ ದೇಶಗಳ ನಗರಗಳಲ್ಲಿ, ನಾಯಿ ಮೂಲತಃ ತೋಳ, ಆದ್ದರಿಂದ ಅದಕ್ಕೆ ಹಸಿಯಾದ ಬೇಟೆಮಾಂಸವೇ ಸಹಜ ಎಂಬ ಅಭಿಪ್ರಾಯ ಹರಡಿದೆ. ತೋಳಕ್ಕೆ ಅದು ಸಹಜ ನಿಜ. ತೋಳದ ಹೊಟ್ಟೆಯ ಹುಳುವೂ ಅಷ್ಟೇ ಸಹಜ. ತೋಳ ನಮ್ಮ ಮಕ್ಕಳ ಹಾಸಿಗೆಯಲ್ಲಿ ಮಲಗುವುದಿಲ್ಲ, ಅಷ್ಟೆ. 2016ರಲ್ಲಿ ನೆದರ್ಲೆಂಡ್ಸ್‌ನ ಒಂದು ಸಾಕುನಾಯಿಗೆ ಬ್ರೂಸೆಲ್ಲ ಸುಯಿಸ್ ಎಂಬ ಬ್ಯಾಕ್ಟೀರಿಯದ ಸೋಂಕು ಪತ್ತೆಯಾಯಿತು. ಮೂಲ ಹುಡುಕಿದಾಗ ದೊರೆತದ್ದು ಅದರ ಆಹಾರದಲ್ಲಿದ್ದ, ಅರ್ಜೆಂಟೀನದಿಂದ ತರಿಸಿದ ಹಸಿ ಮೊಲದ ಮಾಂಸ! ಶೈತ್ಯದಲ್ಲಿಟ್ಟರೆ ಹೈಡಾಟಿಡ್ ಗುಳ್ಳೆ ಸಾಯುತ್ತದೆ. ಬ್ಯಾಕ್ಟೀರಿಯಗಳು ಹಲವೊಮ್ಮೆ ಉಳಿದುಕೊಳ್ಳುತ್ತವೆ. ಚೆನ್ನಾಗಿ ಬೇಯಿಸುವುದು ಎರಡಕ್ಕೂ ಮದ್ದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಕಾಡುಮಾಂಸದ ಪ್ರಶ್ನೆ ಏಳಬಾರದು. ಆದರೆ ಮಾಂಸದಂಗಡಿಯವನು ಪುಕ್ಕಟೆ ಕೊಡುವ ಕುರಿ, ಮೇಕೆಯ ಯಕೃತ್ತು, ಶ್ವಾಸಕೋಶದ ಚೂರುಗಳು? ಭಾರತದ ಕುರಿ, ದನ, ಎಮ್ಮೆಗಳಲ್ಲಿ ಹೈಡಾಟಿಡ್ ಇದೆ. ವಧಾಸ್ಥಾನಗಳ ಸುತ್ತ ನಾಯಿಗಳೂ ಇವೆ. ಒಳಾಂಗಗಳನ್ನು ಕನಿಷ್ಠ 40 ನಿಮಿಷ ಕುದಿಸಿ ಹಾಕಿ. ನಾಯಿಗೆ ಪಶುವೈದ್ಯರ ಸಲಹೆಯಂತೆ ಪ್ರಾಜಿಕ್ವಾಂಟೆಲ್ ಕೊಡಿಸಿ. ನಾಯಿಯೊಡನೆ ಆಡಿದ ಮಕ್ಕಳಿಗೆ ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದನ್ನು ಕಲಿಸಿ. ಐಸ್‌ಲ್ಯಾಂಡಿನ ಆ ಪುಸ್ತಿಕೆಯ ಮಾತು ಒಂದೂವರೆ ಶತಮಾನದ ಬಳಿಕವೂ ಹಳತಾಗಿಲ್ಲ.