ಪೀಪಾಯಿಗೆ ಬಿದ್ದ ಗೋಧಿ

ನನ್ನ ತಂಗಿಯ ಮಗ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಏನು ಕೆಲಸವೆಂದು ಯಾರಾದರೂ ಕೇಳಿದರೆ ನನ್ನ ತಂಗಿ "ಗೋಧಿ ಕಾರ್ಖಾನೆಯಲ್ಲಿದ್ದಾನೆ" ಎನ್ನುತ್ತಾಳೆ. ಕೇಳಿದವರು ಹಿಟ್ಟಿನ ಗಿರಣಿ ಇರಬೇಕೆಂದುಕೊಂಡು ಸುಮ್ಮನಾಗುತ್ತಾರೆ. ಒಬ್ಬಾಕೆ ಮಾತ್ರ, "ಅಷ್ಟೆಲ್ಲ ಓದಿಸಿ ಕೊನೆಗೆ ಹಿಟ್ಟಿನ ಗಿರಣಿಗೇ?" ಎಂದು ಮರುಗಿದಳಂತೆ. ನಿಜ ಸಂಗತಿಯೆಂದರೆ ಅವನು ಇರುವುದು ವಿಸ್ಕಿ ತಯಾರಿಸುವ ಕಡೆ. ಸೂಕ್ಷ್ಮಜೀವಿ ಶಾಸ್ತ್ರ ಓದಿದವನು, ಹಿಟ್ಟು ಹುಳಿಯುವಾಗ ಅದರಲ್ಲಿರುವ ಯೀಸ್ಟ್ ಹೇಗೆ ನಡೆದುಕೊಳ್ಳುತ್ತದೆಂದು ನೋಡಿಕೊಳ್ಳುವುದು ಅವನ ಕೆಲಸ.

ಕಳೆದ ವರ್ಷ ರಜೆಯಲ್ಲಿ ಬಂದಿದ್ದಾಗ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಅವನು ತನ್ನ ಹೊಸ ಪ್ರಯೋಗದ ಮಾತು ತೆಗೆದ. ಗೋಧಿಯಿಂದ ಮಾಡಿದ ವಿಸ್ಕಿಯನ್ನು ನಾಲ್ಕು ವರ್ಷ ಹೊಸ ಪೀಪಾಯಿಯಲ್ಲಿಟ್ಟು, ಆಮೇಲೆ ಪೋರ್ಚುಗಲ್ಲಿನ ಪೋರ್ಟ್ ವೈನ್ ತುಂಬಿಟ್ಟಿದ್ದ ಹಳೆಯ ಪೀಪಾಯಿಗೆ ಸುರಿದು ಆರು ತಿಂಗಳು ಬಿಡುವುದಂತೆ. ತಂಗಿ ಮುಖ ತಿರುಗಿಸಿಕೊಂಡು ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಅವನು ನನ್ನ ಕಡೆ ತಿರುಗಿ, "ದೊಡ್ಡಮ್ಮ, ನೀವು ಮಕ್ಕಳಿಗೆ ಚರಿತ್ರೆ ಹೇಳಿಕೊಡುವವರು. ಆ ಪೀಪಾಯಿಗೂ ಒಂದು ಚರಿತ್ರೆ ಇದೆ, ಗೊತ್ತೇ?" ಎಂದ. ನನಗೆ ಗೊತ್ತಿರಲಿಲ್ಲ. ಹೆಂಡದ ವಿಷಯ ನಮಗೇಕೆ ಎಂದು ಸುಮ್ಮನಿರಬಹುದಿತ್ತು. ಆದರೆ ಮೇಷ್ಟರ ಜಾತಿ, ಗೊತ್ತಿಲ್ಲ ಎಂದು ಒಪ್ಪಿಕೊಂಡ ಮೇಲೆ ತಿಳಿದುಕೊಳ್ಳದೆ ಬಿಡುವುದುಂಟೇ? ಅವನು ಹೋದ ಮೇಲೂ ಓದಿದೆ, ಫೋನಿನಲ್ಲಿ ಕಾಡಿಸಿ ಕೇಳಿದೆ.

ಕೆಲಸವೆಲ್ಲ ನಮ್ಮ ಅಡುಗೆಮನೆಯದೇ ಎಂಬುದು ಮೊದಲು ತಿಳಿದದ್ದು. ಧಾನ್ಯವನ್ನು ಬೇಯಿಸಿ, ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿಯ ಹಿಟ್ಟನ್ನು ಅದಕ್ಕೆ ಸೇರಿಸುತ್ತಾರೆ. ಮೊಳಕೆಯಲ್ಲಿರುವ ಸತ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಸಿಹಿಯಾಗಿ, ತೆಳ್ಳಗಾಗಿ ಕೂಸಿಗೆ ಜೀರ್ಣವಾಗುವುದು ಇದೇ ಕಾರಣಕ್ಕೆ. ಆಮೇಲೆ ಯೀಸ್ಟ್ ಹಾಕಿ ಹುಳಿಯ ಬಿಟ್ಟರೆ ಸಕ್ಕರೆ ಮದ್ಯಸಾರವಾಗುತ್ತದೆ; ಅದನ್ನು ಭಟ್ಟಿ ಇಳಿಸುತ್ತಾರೆ. ಕೆಂಟಕಿಯವರು ನಿನ್ನೆಯ ಭಟ್ಟಿಯಲ್ಲಿ ಉಳಿದ ಹುಳಿ ಗಂಜಿಯಲ್ಲಿ ಒಂದಿಷ್ಟನ್ನು ಇವತ್ತಿನದಕ್ಕೆ ಬೆರೆಸುತ್ತಾರೆ. ಆ ಹುಳಿಯಿಂದ ಬೇಡದ ಜೀವಿಗಳು ಬೆಳೆಯದೆ ಹದ ಕೆಡದೆ ಉಳಿಯುತ್ತದೆ. ಈ ವಿಧಾನದ ಬಹಳ ಹಳೆಯ ಬರಹಗಳಲ್ಲಿ ಒಂದು 1818ರದು. ಬರೆದಿಟ್ಟವಳು ಕ್ಯಾಥರೀನ್ ಕಾರ್ಪೆಂಟರ್ ಎಂಬ ಕೆಂಟಕಿಯ ವಿಧವೆ. ಹಾಳೆ ಇಂದಿಗೂ ಆ ರಾಜ್ಯದ ಚರಿತ್ರೆ ಸಂಸ್ಥೆಯಲ್ಲಿದೆ. ಸೊಸೆಗೆಂದು ಅತ್ತೆ ಉಪ್ಪಿನಕಾಯಿಯ ಅಳತೆ ಬರೆದಿಟ್ಟ ಹಾಗೆ ಆಕೆ ಅಳತೆ ಬರೆದಿಟ್ಟಿದ್ದಾಳೆ.

ಹಾಗಿದ್ದರೂ ವಿಸ್ಕಿಗೆ ಗೋಧಿ ಬಳಸಿದವರು ಕಡಿಮೆ. ಅಲ್ಲಿಗೆ ಬಂದು ನೆಲೆಸಿದ ರೈತರಿಗೆ ಮೆಕ್ಕೆಜೋಳ ಧಾರಾಳವಾಗಿ ಬೆಳೆಯುತ್ತಿತ್ತು. ಬೆಟ್ಟ ದಾಟಿ ಮಾರುಕಟ್ಟೆಗೆ ಸಾಗಿಸಲು ದಾರಿ ಇರಲಿಲ್ಲ. ಕುದುರೆಯ ಮೇಲೆ ಧಾನ್ಯದ ಮೂಟೆ ಹೇರುವುದಕ್ಕಿಂತ ಅದನ್ನೇ ಭಟ್ಟಿ ಇಳಿಸಿ ಹೇರಿದರೆ ಭಾರ ಕಡಿಮೆ, ಬೆಲೆ ಹೆಚ್ಚು. ಗೋಧಿ ಮಾತ್ರ ರೊಟ್ಟಿಯ ಧಾನ್ಯ. ಅದನ್ನು ಹುಳಿಸಲು ಮನಸ್ಸು ಬರುವುದು ಕಷ್ಟ. ಹೀಗಾಗಿ ಮೆಕ್ಕೆಜೋಳದ ಜೊತೆಗೆ ರೈ ಎಂಬ ಖಾರವಾದ ಧಾನ್ಯವನ್ನು ಬೆರೆಸುವುದೇ ರೂಢಿಯಾಯಿತು. 1950ರ ದಶಕದಲ್ಲಿ ಬಿಲ್ ಸ್ಯಾಮ್ಯುಯಲ್ಸ್ ಎಂಬಾತ ಕೆಂಟಕಿಯ ಲೊರೆಟೊ ಊರಿನಲ್ಲಿ ಹಳೆಯ ಭಟ್ಟಿಯೊಂದನ್ನು ಕೊಂಡು, ರೈ ಬಿಟ್ಟು ಗೋಧಿ ಬೆರೆಸಿದ. ಯಾವ ಧಾನ್ಯ ಹಿತವೆಂದು ತಿಳಿಯಲು ಪ್ರತಿಯೊಂದು ಬೆರಕೆಯನ್ನೂ ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟು ಕಾಯುವ ಬದಲು, ಆ ಹಿಟ್ಟುಗಳಲ್ಲಿ ಬ್ರೆಡ್ ಸುಟ್ಟು ತಿಂದು ನೋಡಿದನೆಂದು ಆ ಮನೆಯವರು ಹೇಳುತ್ತಾರೆ. ಮೇಕರ್ಸ್ ಮಾರ್ಕ್ ಎಂದು ಹೆಸರಿಟ್ಟವಳು, ಸೀಸೆಯ ಆಕಾರ ಗೊತ್ತುಮಾಡಿದವಳು, ಅದರ ಕತ್ತಿನ ಮೇಲೆ ಕೆಂಪು ಮೇಣ ಇಳಿಬಿಟ್ಟವಳು ಅವನ ಹೆಂಡತಿ ಮಾರ್ಜಿ. ಮೇಣ ಕಾಯಿಸಿ ನೋಡಿದ್ದು ತನ್ನ ಮನೆಯ ಕರಿಯುವ ಪಾತ್ರೆಯಲ್ಲಿ! ಆಕೆಗೆ ಆ ಉದ್ಯಮದವರು ಗೌರವ ಸಲ್ಲಿಸಿದ್ದು ಬಹಳ ತಡವಾಗಿ, 2014ರಲ್ಲಿ. ಆದರೆ ಅದು ಗೋಧಿ ಸೇರಿಸಿದ ಜೋಳದ ವಿಸ್ಕಿ ಅಷ್ಟೆ. ಗೋಧಿ ವಿಸ್ಕಿ ಎಂದು ಚೀಟಿ ಅಂಟಿಸಬೇಕಾದರೆ ಧಾನ್ಯದಲ್ಲಿ ಶೇಕಡಾ 51ರಷ್ಟಾದರೂ ಗೋಧಿ ಇರಬೇಕೆಂಬುದು ಅಲ್ಲಿಯ ಕಾನೂನು. ಅಂಥದ್ದನ್ನು ಹೆವೆನ್ ಹಿಲ್ ಎಂಬ ಕಂಪನಿ ಬರ್ನ್‌ಹೈಮ್ ಎಂಬ ಹೆಸರಿನಲ್ಲಿ 2005ರಲ್ಲಿ ಪೇಟೆಗೆ ತಂದಿತು.

ಇನ್ನು ಪೀಪಾಯಿ. ಭಟ್ಟಿಯಿಂದ ಇಳಿದಾಗ ವಿಸ್ಕಿ ನೀರಿನ ಹಾಗೆ ಬಣ್ಣವಿಲ್ಲದ್ದು. ಬಣ್ಣ, ಪರಿಮಳ, ಮೃದುತನದ ಬಹುಪಾಲು ಬರುವುದು ಮರದಿಂದ. ಓಕ್ ಮರದ ಹಲಗೆಗಳನ್ನು ಕಾಯಿಸಿ ಬಗ್ಗಿಸಿ, ಕಬ್ಬಿಣದ ಪಟ್ಟಿ ಬಿಗಿದು, ಒಳಮೈಯನ್ನು ಬೆಂಕಿಯಲ್ಲಿ ಕರಕಲು ಮಾಡುತ್ತಾರೆ. ಆ ಇದ್ದಿಲು ವಿಸ್ಕಿಯ ಒರಟನ್ನು ಹೀರುತ್ತದೆ. ಅದರ ಹಿಂದೆ ಕಾದ ಮರದಲ್ಲಿ ಸುಟ್ಟ ಸಕ್ಕರೆಯ, ವೆನಿಲ್ಲಾದ ಸುವಾಸನೆ ಹುಟ್ಟಿರುತ್ತದೆ. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ಹೋಗುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಗೆ ಬರುತ್ತದೆ. ಹೀಗೆ ಹೋಗಿ ಬರುವುದರಲ್ಲೇ ವರ್ಷಗಳು ಕಳೆಯುತ್ತವೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರ ಅಲ್ಲಿಯ ಮುಖ್ಯ ಬಗೆಯ ವಿಸ್ಕಿಗಳಿಗೆಲ್ಲ ಹೊಸ ಪೀಪಾಯಿಯೇ ಆಗಬೇಕೆಂದು ಕಟ್ಟುಮಾಡಿತು. ಒಂದು ಸಲ ಬಳಸಿದ ಮೇಲೆ ಅವುಗಳನ್ನು ಮಾಡುವುದೇನು? ಸ್ಕಾಟ್ಲೆಂಡಿನವರು ಕೊಂಡರು. ಅಲ್ಲಿಯವರು ಮೊದಲಿನಿಂದ ಹಳೆಯ ಪೀಪಾಯಿಯನ್ನೇ ನಂಬಿದವರು. ಸ್ಪೇನಿನ ಹೆರೆಸ್ ಎಂಬಲ್ಲಿಂದ ಬ್ರಿಟನ್ನಿಗೆ ಶೆರಿ ವೈನ್ ಪೀಪಾಯಿಗಟ್ಟಲೆ ಬರುತ್ತಿತ್ತು. ಖಾಲಿಯಾದದ್ದನ್ನು ಹಿಂದಕ್ಕೆ ಕಳಿಸುವುದು ಗಿಟ್ಟದು. ಜಿಪುಣರೆಂದು ಹೆಸರಾದ ಸ್ಕಾಟರು ಅಗ್ಗಕ್ಕೆ ಕೊಂಡು ತಮ್ಮ ವಿಸ್ಕಿ ತುಂಬಿದರು. ತುಂಬಿ ತೆಗೆದಾಗ ಒಣದ್ರಾಕ್ಷಿಯ ವಾಸನೆ, ಕೆಂಪು ಬಣ್ಣ! ಉಳಿತಾಯಕ್ಕೆಂದು ಮಾಡಿದ್ದೇ ರುಚಿಯಾಯಿತು.

ಇದನ್ನು ಕೇಳಿದಾಗ ನನಗೆ ನಮ್ಮಜ್ಜಿಯ ಇಂಗಿನ ಡಬ್ಬಿ ನೆನಪಾಯಿತು. ಇಂಗು ಮುಗಿದು ಎಷ್ಟೋ ದಿನವಾದರೂ ಆ ಡಬ್ಬಿಗೆ ಉಪ್ಪು ಹಾಕಿಟ್ಟರೆ ಉಪ್ಪೇ ಇಂಗಿನ ವಾಸನೆ ಹಿಡಿಯುತ್ತಿತ್ತು. ಅಜ್ಜಿ ಬೇಕೆಂದೇ ಹಾಗೆ ಮಾಡುತ್ತಿದ್ದರು. ವೈನ್ ಪೀಪಾಯಿಯೂ ಹಾಗೆಯೇ. ಖಾಲಿಯಾದರೂ ಹಲಗೆಗಳ ಒಳಗೆ ಲೀಟರುಗಟ್ಟಲೆ ವೈನ್ ಹೀರಿಕೊಂಡು ಕೂತಿರುತ್ತದೆ. ಅದು ನಿಧಾನವಾಗಿ ವಿಸ್ಕಿಗೆ ಇಳಿಯುತ್ತದೆ. ಕಡೆಯ ಕೆಲವು ತಿಂಗಳು ಮಾತ್ರ ಇಂಥ ಪೀಪಾಯಿಯಲ್ಲಿ ಇಡುವ ಕ್ರಮವನ್ನು ಸ್ಕಾಟ್ಲೆಂಡಿನ ಬಾಲ್ವೆನಿ ಕಂಪನಿಯ ಡೇವಿಡ್ ಸ್ಟುವರ್ಟ್ 1980ರ ದಶಕದಲ್ಲಿ ರೂಢಿಗೆ ತಂದರು. ಕೆಂಟಕಿಯಲ್ಲಿ ಲಿಂಕನ್ ಹೆಂಡರ್ಸನ್ ಎಂಬ ಹಿರಿಯರು ನಿವೃತ್ತರಾದ ಮೇಲೆ ಮನೆಯವರೊಂದಿಗೆ ಕಂಪನಿ ಕಟ್ಟಿ, ತಮ್ಮ ವಿಸ್ಕಿಯನ್ನು ಪೋರ್ಟ್ ಪೀಪಾಯಿಯಲ್ಲಿಟ್ಟು ತೆಗೆದರು. ನಮ್ಮ ಹುಡುಗನ ಪ್ರಯೋಗ ಆ ದಾರಿಯದೇ. ಧಾನ್ಯ ಮಾತ್ರ ಬೇರೆ. ಗೋಧಿಯದು ಮೆತ್ತನೆಯ ಸ್ವಭಾವ, ಪೀಪಾಯಿಯ ಮಾತೇ ಜೋರಾಗಿ ಗೋಧಿಯ ಸೊಲ್ಲಡಗಬಾರದು, ಅದಕ್ಕೇ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತೇವೆ ಎಂದ. ನಮ್ಮಲ್ಲಿ ಸೊಸೆಯಂದಿರ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದವರನ್ನು ನಾನು ಕಾಣೆ.

ಪೋರ್ಟ್ ಹುಟ್ಟಿದ್ದು ಪೋರ್ಚುಗಲ್ಲಿನ ಡೋರು ನದಿಯ ಕಣಿವೆಯಲ್ಲಿ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧವಾಗಿ ಫ್ರೆಂಚ್ ವೈನ್ ಸಿಗದಂತಾದಾಗ ಇಂಗ್ಲಿಷ್ ವರ್ತಕರು ಈ ಕಡೆ ತಿರುಗಿದರು. 1703ರಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವೂ ಆಯಿತು. ದ್ರಾಕ್ಷಿಯ ರಸ ಅರ್ಧ ಹುಳಿದಿರುವಾಗಲೇ ದ್ರಾಕ್ಷಿಯ ಸಾರಾಯಿ ಸುರಿದರೆ ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ವೈನ್ ಕೆಡದೆ ಸಮುದ್ರ ದಾಟುತ್ತದೆ. ಈ ಕಣಿವೆಯಲ್ಲಿ ಅಂತೋನಿಯಾ ಫೆರೈರಾ ಎಂಬ ಹೆಣ್ಣುಮಗಳಿದ್ದಳು. ಹುಟ್ಟಿದ್ದು 1811ರಲ್ಲಿ, 33ನೆಯ ವಯಸ್ಸಿಗೆ ವಿಧವೆಯಾದಳು. ಗಂಡನ ದ್ರಾಕ್ಷಿ ತೋಟಗಳನ್ನು ಕೈಗೆ ತೆಗೆದುಕೊಂಡು ಹೊಸವನ್ನು ಸೇರಿಸುತ್ತ ಹೋದಳು. ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಂದು ಬಳ್ಳಿಗಳು ಒಣಗಿ ನಿಂತಾಗಲೂ ಕೈಚೆಲ್ಲಲಿಲ್ಲ. 1861ರಲ್ಲಿ ನದಿಯ ಸೆಳವಿನಲ್ಲಿ ಅವಳಿದ್ದ ದೋಣಿ ಮಗುಚಿತು. ಜೊತೆಗಿದ್ದ ಬ್ಯಾರನ್ ಫಾರೆಸ್ಟರ್ ಎಂಬ ದೊಡ್ಡ ವರ್ತಕ ಮುಳುಗಿ ಸತ್ತ. ಅಂತೋನಿಯಾಳ ಅಗಲವಾದ ಲಂಗ ಗಾಳಿ ತುಂಬಿ ನೀರಿನ ಮೇಲೆ ತೇಲಿ ಅವಳನ್ನು ಉಳಿಸಿತೆಂದು ಆ ಊರಿನವರು ಇಂದಿಗೂ ಹೇಳುತ್ತಾರೆ. 1896ರಲ್ಲಿ ತೀರಿಕೊಂಡಾಗ ಕಣಿವೆಗೆ ಕಣಿವೆಯೇ ಅತ್ತಿತಂತೆ.

ಇಷ್ಟು ಓದಿ ಖುಷಿಯಾಗಿದ್ದ ನನ್ನನ್ನು ಇನ್ನೊಬ್ಬ ಹೆಂಗಸು ತಡೆದು ನಿಲ್ಲಿಸಿದಳು. ಅವಳೂ ಕೆಂಟಕಿಯಲ್ಲಿ ಹುಟ್ಟಿದವಳೇ, 1846ರಲ್ಲಿ. ಹೆಸರು ಕ್ಯಾರಿ ನೇಷನ್. ಮೊದಲ ಗಂಡ ವೈದ್ಯ, ವಿಪರೀತ ಕುಡುಕ. ಮದುವೆಯಾಗಿ ಎರಡು ವರ್ಷಕ್ಕೆ, ಕೂಸನ್ನು ಅವಳ ಕೈಗಿಟ್ಟು ಸತ್ತ. 1900ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಅವಳು ಹೆಂಡದಂಗಡಿಗಳಿಗೆ ನುಗ್ಗಿ ಮೊದಲು ಕಲ್ಲಿನಿಂದ, ಆಮೇಲೆ ಕೈಕೊಡಲಿಯಿಂದ ಸೀಸೆ, ಪೀಪಾಯಿಗಳನ್ನು ಒಡೆದಳು. ಹತ್ತಾರು ಸಲ ಜೈಲಿಗೆ ಹೋಗಿ ಬಂದಳು. ಅವಳಿಗಿಂತ ಮೊದಲೇ, 1874ರಲ್ಲಿ, ಅಲ್ಲಿಯ ಕ್ರೈಸ್ತ ಮಹಿಳೆಯರು ಪಾನವಿರೋಧಿ ಸಂಘ ಕಟ್ಟಿದ್ದರು. ಮತದಾನದ ಹಕ್ಕಿಲ್ಲದ ಹೆಂಗಸರಿಗೆ ಗಂಡನ ಸಂಬಳ ಮನೆ ಸೇರುವಂತೆ ಮಾಡಲು ಇದ್ದ ದಾರಿ ಅದೊಂದೇ. 1920ರಲ್ಲಿ ದೇಶಕ್ಕೆ ದೇಶವೇ ಪಾನನಿಷೇಧ ತಂದಿತು. ಕಳ್ಳಭಟ್ಟಿ, ಗೂಂಡಾಗಿರಿ ಹೆಚ್ಚಿ 1933ರಲ್ಲಿ ಅದು ರದ್ದಾಯಿತು. ರದ್ದಾಗಲೆಂದು ಹೋರಾಡಿದವರಲ್ಲೂ 1929ರಲ್ಲಿ ಹುಟ್ಟಿದ ಒಂದು ಮಹಿಳಾ ಸಂಘವಿತ್ತು. ಹೀಗೆ ಪೀಪಾಯಿಯ ಆಚೆಗೂ ಈಚೆಗೂ ಹೆಂಗಸರೇ.

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಅಕ್ಷರ ಕಲಿಯಲು ಬಂದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಊರಲ್ಲಿ ಪ್ಯಾಕೆಟ್ ಸಾರಾಯಿ. ನನ್ನ ಏಳನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಮೊದಲ ಪಿರಿಯಡ್ಡಿನಲ್ಲೇ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಸೋಮಾರಿ ಎಂದು ನಾನು ಎರಡು ಸಲ ಹೊರಗೆ ನಿಲ್ಲಿಸಿದೆ. ಅಪ್ಪ ಕುಡಿದು ಬಂದ ರಾತ್ರಿಗಳಲ್ಲಿ ತಾಯಿ ಮಗಳು ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ವರ್ಷವೇ ಅವಳು ಶಾಲೆ ಬಿಟ್ಟಳು. ನಾನು ಆ ಎರಡು ದಿನಗಳನ್ನು ಮರೆತಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಕುಡಿಯುವವರು ಅಗ್ಗದ ವಿಸ್ಕಿಗೆ ಹೋದರು. ಅದರ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದದ್ದು.

ಕಾದು ಮಾಡುವ ವಿಸ್ಕಿಯೂ ನಮ್ಮಲ್ಲಿದೆ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಬಾರ್ಲಿ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಮಾರಾಟಕ್ಕಿಟ್ಟಿತು. ಆಮೇಲೆ ಶೆರಿ, ಪೋರ್ಟ್ ಪೀಪಾಯಿಗಳ ಪ್ರಯೋಗವನ್ನೂ ಮಾಡಿತು. ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ಅವರು ದೇವದೂತರ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡಾ 2ರಷ್ಟು, ಬೆಂಗಳೂರಿನ ಬಿಸಿಲಿಗೆ 10ಕ್ಕೂ ಹೆಚ್ಚು. ನಮ್ಮ ದೇವತೆಗಳಿಗೆ ಬಾಯಾರಿಕೆ ಹೆಚ್ಚೆಂದು ಕಾಣುತ್ತದೆ!

"ಚರಿತ್ರೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ಮಗ ಕದ್ದಿಲ್ಲ, ಮೋಸ ಮಾಡಿಲ್ಲ. ಕೇಳಿದವರಿಗೆ ನಿಜ ಹೇಳು" ಎಂದು ತಂಗಿಗೆ ಉಪದೇಶ ಮಾಡಿದೆ. ಅವಳು ಏನೂ ಹೇಳಲಿಲ್ಲ.

ಮೊನ್ನೆ ಶುಕ್ರವಾರ ನಮ್ಮ ಬೀದಿಗೆ ಹೂ ತರುವಾಕೆ ಗೇಟಿನ ಬಳಿ ಕುಳಿತು ಸೇವಂತಿಗೆ ಮೊಳ ಹಾಕುತ್ತಿದ್ದಳು. ನಿದ್ದೆ ಹೋಗುತ್ತಿದ್ದ ಆ ಹುಡುಗಿಯ ತಾಯಿ ಆಕೆ. ಗಂಡ ಸತ್ತು ಬಹಳ ವರ್ಷವಾಯಿತು. ಮಗಳು ಈಗ ಎರಡು ಮಕ್ಕಳ ತಾಯಿ. "ಅಮ್ಮಾವ್ರೇ, ನಿಮ್ಮ ತಂಗಿ ಮಗ ಅಮೆರಿಕದಲ್ಲಿ ಏನು ಕೆಲಸದಲ್ಲವ್ನೆ?" ಎಂದು ಕೇಳಿದಳು. ಕ್ಯಾಥರೀನ್, ಮಾರ್ಜಿ, ಅಂತೋನಿಯಾ ಎಲ್ಲರ ಕಥೆಯೂ ನನಗೆ ಬಾಯಿಪಾಠವಾಗಿತ್ತು. ಆಕೆಯ ಕೈ ನೋಡಿದೆ. ಮೊಣಕೈ ಹತ್ತಿರ ಹಳೆಯ ಮುರಿತ ಸರಿಯಾಗಿ ಕೂಡದೆ ಉಳಿದ ಸೊಟ್ಟು. ಆ ಕೈಯಲ್ಲೇ ಹೂ ಅಳೆಯುತ್ತಿದ್ದಳು.

"ಗೋಧಿ ಕಾರ್ಖಾನೆಯಲ್ಲಿದ್ದಾನಮ್ಮ" ಎಂದೆ.

"ಒಳ್ಳೇದಾಯ್ತು ಬಿಡಿ, ಅನ್ನದ ಕೆಲಸ" ಎಂದು ಆಕೆ ಒಂದು ಗೇಣು ಹೂವನ್ನು ಹೆಚ್ಚಾಗಿಯೇ ಕೊಟ್ಟು ಎದ್ದಳು.